ಪ್ರೋಷಿತಭರ್ತೃಕೆಯ ಧರ್ಮ

ಕಳೆದ ಚಾತುರ್ಮಾಸ್ಯದ ಒಂದು ಶನಿವಾರ ಸಂಜೆ ನಮ್ಮ ಶಾಖಾಮಠದಲ್ಲಿ ಪ್ರವಚನ ಮುಗಿದು, ಮಂಗಳಾರತಿಯಾಗಿ, ಭಕ್ತರು ಮಂತ್ರಾಕ್ಷತೆ ಸ್ವೀಕರಿಸಿ ಲೋಕಲ್ ಹಿಡಿಯುವ ಅವಸರದಲ್ಲಿದ್ದರು. ಆಗ ಡೊಂಬಿವಲಿಯಿಂದ ಬರುವ ಒಬ್ಬ ತರುಣ ಗೃಹಿಣಿ ನನಗಾಗಿ ಕಾದು ನಿಂತಿದ್ದಳು. ಮೂಲತಃ ಧಾರವಾಡದ ಕಡೆಯ ಮನೆತನ. ಆಕೆ ಕೋಟೆ ಭಾಗದ ಒಂದು ಬ್ಯಾಂಕಿನಲ್ಲಿ ಉದ್ಯೋಗಸ್ಥೆ. ಮದುವೆಯಾದ ವರ್ಷದೊಳಗೇ ಅವಳ ಪತಿ ವಾಯುಸೇನೆಗೆ ಆಯ್ಕೆಯಾಗಿ, ಹೈದರಾಬಾದಿನ ಬಳಿಯ ದುಂಡಿಗಲ್ ಅಕಾಡೆಮಿಗೆ ತರಬೇತಿಗೆಂದು ತೆರಳಿದ್ದಾನೆ. ಅತ್ತೆ ಮಾವಂದಿರೊಡನೆ ಇವಳು ಇಲ್ಲಿಯೇ ಉಳಿದಿದ್ದಾಳೆ.

ಅವಳು ಕೇಳಿದ ಪ್ರಶ್ನೆಗಳು ಮೂರು. ಮೊದಲನೆಯದು: "ಕಾಕಾ, ಕಲ್ಯಾಣ ಸ್ಟೇಷನ್ನಿನಾಗ ನಾನು ಬಾಯಿಂದ 'ಹೋಗಿ ಬರ್ರಿ' ಅಂದೆ. ಮನಸ್ಸು ಒಳಗ 'ಬ್ಯಾಡ' ಅಂತಿತ್ತು. ಇದು ಸುಳ್ಳು ಆಡಿದ್ಹಂಗ ಆಗಲಿಲ್ಲೇನು?" ಎರಡನೆಯದು: ಗಂಡ ಊರಲ್ಲಿಲ್ಲದವಳು ಹೂ ಮುಡಿದು ಭಜನಾಮಂಡಳಿಗೆ, ಮದುವೆ ಮುಂಜಿಗಳಿಗೆ ಹೋಗಬಾರದೆಂದು ಶಾಸ್ತ್ರವಿದೆಯೆಂದು ಬಂಧುಗಳೊಬ್ಬರು ಹೇಳಿದ್ದಾರೆ, ಇದು ನಿಜವೆ? ಮೂರನೆಯದನ್ನು ಕೇಳುವಾಗ ಅವಳ ಧ್ವನಿ ತಗ್ಗಿತು. ಹಿಂದಿನ ವಾರ ಮಾವನವರಿಗೆ ಎದೆನೋವು ಬಂದು ಮೂರು ದಿನ ಆಸ್ಪತ್ರೆಯಲ್ಲಿದ್ದರು. ಮಗನಿಗೆ ತಿಳಿಸಕೂಡದು, ತರಬೇತಿ ಕೆಟ್ಟೀತು ಎಂದು ಹಿರಿಯರು ಕಟ್ಟಪ್ಪಣೆ ಮಾಡಿದ್ದರು. ಭಾನುವಾರ ಸಿಕ್ಕ ಕೆಲವೇ ನಿಮಿಷಗಳ ದೂರವಾಣಿಯಲ್ಲಿ ಅವಳು "ಎಲ್ಲಾರೂ ಆರಾಮ" ಎಂದಿದ್ದಳು.

ಆ ದಿನ ನಾನು ಪೂರ್ಣ ಉತ್ತರ ಕೊಡಲಾರದೆ, ವಿಚಾರಿಸಿ ಹೇಳುವೆನೆಂದೆ. ಇಂಥ ಸ್ಥಿತಿಯಲ್ಲಿರುವ ಇತರರಿಗೂ ಉಪಯೋಗವಾದೀತೆಂದು, ಆಕೆಯ ಅನುಮತಿ ಪಡೆದು ಈ ವಿಚಾರವನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ವಸ್ತುಸ್ಥಿತಿಯನ್ನು ತಿಳಿಯುವುದು ಅವಶ್ಯ. ನಮ್ಮ ದೇಶದಲ್ಲಿ ಸೈನಿಕ ತರಬೇತಿಗೆ ಸೇರುವವರಲ್ಲಿ ಬಹುಸಂಖ್ಯೆಯವರು ಅವಿವಾಹಿತರು. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿಯೂ ಅವಿವಾಹಿತರಿಗೇ ಪ್ರವೇಶ. ಆದರೆ ವಾಯುಸೇನೆಯ ಅಧಿಕಾರಿ ವರ್ಗಕ್ಕೆ ಸೇರುವವರಲ್ಲಿ ಇಪ್ಪತ್ತೈದು ವರ್ಷ ಮೀರಿದವರು ವಿವಾಹಿತರಾಗಿದ್ದರೂ ಅರ್ಜಿ ಹಾಕಬಹುದು. ಆದರೆ ತರಬೇತಿಯ ಕಾಲದಲ್ಲಿ ಅವರಿಗೆ ಕುಟುಂಬದ ವಸತಿ ದೊರೆಯುವುದಿಲ್ಲ. ಆವರಣದ ಹೊರಗೆ ಮನೆ ಮಾಡಿ ಪತ್ನಿಯೊಡನೆ ಇರುವಂತೆಯೂ ಇಲ್ಲ. ಸೇನಾ ವೈದ್ಯಕೀಯ ದಳಕ್ಕೆ ಸೇರುವ ವೈದ್ಯರಲ್ಲಿ ಅನೇಕರು ಗೃಹಸ್ಥರು. ಅವರು ಲಖನೌಗೆ ಹೋಗುತ್ತಾರೆ. 1948ರ ಕಾಯಿದೆಯಂತೆ ರಚಿತವಾದ ಟೆರಿಟೋರಿಯಲ್ ಆರ್ಮಿಯಲ್ಲಂತೂ ಬೇರೆ ಉದ್ಯೋಗದಲ್ಲಿದ್ದು ಸಂಸಾರ ನಡೆಸುವವರೇ ಹೆಚ್ಚು. 1992ರಿಂದ ಮಹಿಳೆಯರು ವೈದ್ಯಕೀಯೇತರ ಶಾಖೆಗಳಲ್ಲಿಯೂ ಅಧಿಕಾರಿಗಳಾಗುತ್ತಿರುವುದರಿಂದ, ಮನೆಯಲ್ಲಿ ಉಳಿಯುವವರು ಯಾವಾಗಲೂ ಹೆಂಡತಿಯೇ ಎಂದೂ ಹೇಳುವಂತಿಲ್ಲ. ಆದ್ದರಿಂದ ಇಲ್ಲಿ ಹೇಳುವ ಧರ್ಮವು ಉಳಿದ ಗಂಡನಿಗೂ ಸಮಾನವಾಗಿ ಅನ್ವಯಿಸುತ್ತದೆ.

ಇನ್ನು ಮೊದಲನೆಯ ಪ್ರಶ್ನೆ. ಮನಸ್ಸು ಅಳುತ್ತಿರುವಾಗ ಬಾಯಿಂದ ಕೊಟ್ಟ ಒಪ್ಪಿಗೆ ಅಸತ್ಯವೆ?

ಶ್ರೀಮದಾಚಾರ್ಯರ ಚರಿತ್ರೆಯಲ್ಲಿಯೇ ಇದಕ್ಕೆ ಉತ್ತರವಿದೆ. ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದ ನಾಲ್ಕನೆಯ ಸರ್ಗದಲ್ಲಿ ಸನ್ನ್ಯಾಸಸ್ವೀಕಾರದ ಪ್ರಸಂಗವನ್ನು ವರ್ಣಿಸಿದ್ದಾರೆ. ಬಾಲಕ ವಾಸುದೇವನು ಸನ್ನ್ಯಾಸಕ್ಕೆ ಉದ್ಯುಕ್ತನಾದಾಗ ತಂದೆ ಮಧ್ಯಗೇಹಭಟ್ಟರು ಒಪ್ಪಲಿಲ್ಲ. ಹಿಂದೆಯೇ ಬಂದು ಬೇಡಿಕೊಂಡರು, ತಡೆದರು. ಮನೆಯನ್ನು ನೋಡಿಕೊಳ್ಳಲು ಮತ್ತೊಬ್ಬ ಮಗ ಹುಟ್ಟುವ ತನಕ ತಾಳುವೆನೆಂದು ಆತ ಮಾತು ಕೊಟ್ಟು ಹಾಗೆಯೇ ನಡೆದುಕೊಂಡನು. ಕೊನೆಗೆ ತಾಯಿಯ ಬಳಿಗೆ ಹೋಗಿ, ನನ್ನನ್ನು ಆಗಾಗ ಕಣ್ಣಿಂದ ಕಾಣಬೇಕೆಂಬ ಇಚ್ಛೆಯಿದ್ದರೆ ಒಪ್ಪಿಗೆ ಕೊಡು ಎಂಬ ಅಭಿಪ್ರಾಯದ ಮಾತನ್ನಾಡಿದನು. ಆ ತಾಯಿ ಒಪ್ಪಿದಳು. ಅವಳಿಗೆ ದುಃಖವಾಗಲಿಲ್ಲವೆಂದು ಯಾರು ಹೇಳಿಯಾರು? ಆ ಒಪ್ಪಿಗೆಯನ್ನು ಸುಳ್ಳೆಂದು ಯಾರು ಕರೆದಾರು?

ಏಕಾದಶಿಯಂದು ನಾವೆಲ್ಲರೂ ಉಪವಾಸವಿರುತ್ತೇವೆ. ಮಧ್ಯಾಹ್ನ ಹಸಿವಾಗುತ್ತದೆ, ಚರ್ಚಗೇಟಿನ ಉಪಾಹಾರಗೃಹದ ಮುಂದೆ ಹಾದುಹೋಗುವಾಗ ಇನ್ನೂ ಹೆಚ್ಚಾಗುತ್ತದೆ. ಹಸಿವಾಯಿತೆಂಬ ಮಾತ್ರಕ್ಕೆ ವ್ರತಭಂಗವಾಯಿತೆ? ಹಸಿವು ದೇಹದ ಧರ್ಮ, ಸಂಕಲ್ಪವು ಕರ್ತೃವಿನ ಧರ್ಮ. ಹಸಿವೇ ಆಗದಿದ್ದವನಿಗೆ ಉಪವಾಸದ ಪ್ರಶ್ನೆಯೇ ಇಲ್ಲ. ಹಾಗೆಯೇ ಅಗಲಿಕೆಯ ನೋವು ಮನಸ್ಸಿನ ಸಹಜ ವೃತ್ತಿ. "ಹೋಗಿ ಬನ್ನಿ" ಎಂಬುದು ಸಂಕಲ್ಪ. ನೋವಿದ್ದೂ ಮಾಡಿದ ಸಂಕಲ್ಪವು ನೋವಿಲ್ಲದೆ ಮಾಡಿದ್ದಕ್ಕಿಂತ ಕಡಿಮೆ ಸತ್ಯವಲ್ಲ. ಒಂದು ದೃಷ್ಟಿಯಲ್ಲಿ ಹೆಚ್ಚು ಸತ್ಯವಾದುದು. ಆದರೆ ಒಂದು ಎಚ್ಚರಿಕೆ ಬೇಕು. ನನಗೆ ದುಃಖವೇ ಇಲ್ಲವೆಂದು ತನಗೆ ತಾನೇ ಹೇಳಿಕೊಳ್ಳತೊಡಗಿದರೆ, ಅಲ್ಲಿ ಅಸತ್ಯವು ಪ್ರವೇಶಿಸುತ್ತದೆ.

ಎರಡನೆಯ ಪ್ರಶ್ನೆಯಲ್ಲಿ ಬಂಧುಗಳ ಮಾತು ನಿರಾಧಾರವಾದುದಲ್ಲ. ಪತಿ ದೂರದೇಶಕ್ಕೆ ಹೋಗಿರುವವಳನ್ನು ಶಾಸ್ತ್ರಕಾರರು ಪ್ರೋಷಿತಭರ್ತೃಕೆ ಎಂದು ಕರೆಯುತ್ತಾರೆ. ಅವಳು ಕ್ರೀಡೆ, ಅಲಂಕಾರ, ಸಮಾಜೋತ್ಸವಗಳ ದರ್ಶನ, ನಗೆಯಾಟ, ಪರಗೃಹಗಮನ ಇವುಗಳನ್ನು ಬಿಡಬೇಕೆಂದು ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯದಲ್ಲಿದೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ನಮ್ಮ ಕನ್ನಡನಾಡಿನ ಕಲ್ಯಾಣದವನು. ಅದು ನಮ್ಮ ಲೋಕಲ್ ನಿಲ್ಲುವ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ. ಇಷ್ಟು ಪೂರ್ವಪಕ್ಷ.

ಆದರೆ ಶಾಸ್ತ್ರದ ಒಂದು ವಾಕ್ಯವನ್ನು ಹಿಡಿದು ಇನ್ನೊಂದನ್ನು ಬಿಡುವುದು ಮೀಮಾಂಸೆಯ ಕ್ರಮವಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಇದೇ ವಿಷಯವನ್ನು ಎತ್ತಿಕೊಂಡು, ಮೊದಲ ಮಾತನ್ನು ಗಂಡನಿಗೇ ಹೇಳುತ್ತದೆ. ಕಾರ್ಯಾರ್ಥವಾಗಿ ಪ್ರವಾಸ ಹೊರಡುವವನು ಮೊದಲು ಹೆಂಡತಿಯ ಜೀವನಕ್ಕೆ ತಕ್ಕ ಏರ್ಪಾಡು ಮಾಡಿ ಅನಂತರ ಹೊರಡಬೇಕು. ಹಾಗೆ ಏರ್ಪಾಡು ಮಾಡಿ ಹೋದರೆ ಅವಳು ನಿಯಮದಿಂದಿರಬೇಕು. ಮಾಡದೆ ಹೋದರೆ ನಿಂದ್ಯವಲ್ಲದ ಕುಶಲಕರ್ಮಗಳಿಂದ ಜೀವಿಸಬಹುದು. ಎಂದ ಮೇಲೆ ಪ್ರವಾಸದ ಧರ್ಮವು ಹೋಗುವವನಿಂದಲೇ ಆರಂಭವಾಗುತ್ತದೆ. ಮತ್ತು ಉಳಿದವಳು ದುಡಿದು ಬಾಳುವುದನ್ನು ಶಾಸ್ತ್ರವೇ ಬಲ್ಲದು. ತನ್ನ ಮಗನು ಹೊರಡುವ ಮುನ್ನ ಮನೆಯ ಸಾಲದ ಕಂತು, ವಿಮೆ, ಬ್ಯಾಂಕಿನ ಖಾತೆಯ ನಾಮನಿರ್ದೇಶನ ಇವನ್ನೆಲ್ಲ ಸರಿಪಡಿಸಿ ಹೋದನೇ ಎಂದು ವಿಚಾರಿಸದೆ, ಸೊಸೆಯ ಮುಡಿಯ ಹೂವನ್ನು ಮಾತ್ರ ವಿಚಾರಿಸುವ ಹಿರಿಯರು ಶಾಸ್ತ್ರದ ಉತ್ತರಾರ್ಧವನ್ನಷ್ಟೇ ಓದಿದವರು. ಅಕಾಡೆಮಿಯಲ್ಲಿ ತರಬೇತಿಯ ಕಾಲಕ್ಕೆ ತಿಂಗಳಿಗೆ 56,100 ರೂಪಾಯಿ ಕೊಡುತ್ತಾರೆ. ಅದರಲ್ಲಿ ಮನೆಗೆಷ್ಟು ಎಂಬುದನ್ನು ಮೊದಲೇ ನಿಶ್ಚಯಿಸುವುದು ಗಂಡನ ಕರ್ತವ್ಯ.

ಇನ್ನು ನಿಯಮವೆಂದರೇನು? ಚಾತುರ್ಮಾಸ್ಯದಲ್ಲಿ ನಾವು ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತಗಳನ್ನು ಆಚರಿಸುತ್ತೇವೆ. ಸಂಕಲ್ಪ ಮಾಡಿದವನು ಮೊಸರನ್ನು ತಾನೇ ಬಿಡುತ್ತಾನೆ. ಪಕ್ಕದವನು ಅವನ ಎಲೆಯಿಂದ ಮೊಸರನ್ನು ಕಿತ್ತುಕೊಳ್ಳುವುದು ವ್ರತವಲ್ಲ. ಪತಿಯ ನೆನಪಿಗಾಗಿ, ಚಿತ್ತದ ಏಕಾಗ್ರತೆಗಾಗಿ, ಒಬ್ಬಾಕೆ ತಾನಾಗಿ ಯಾವುದಾದರೊಂದು ಭೋಗವನ್ನು ಬಿಟ್ಟರೆ ಅದು ಪೂಜ್ಯ. ಅದನ್ನು ಇತರರು ಹೇರಿದರೆ ಅದು ದಂಡನೆ. ಅದೂ ಅಲ್ಲದೆ, ಸ್ಮೃತಿಯು ನಿಷೇಧಿಸಿದ್ದು ವಿನೋದಾರ್ಥವಾದ ಕೂಟಗಳನ್ನು. ಹರಿಸಂಕೀರ್ತನೆಯನ್ನು ಆ ಪಟ್ಟಿಯಲ್ಲಿ ಸೇರಿಸುವುದು ಯಾವ ನ್ಯಾಯ? ಭಜನಾಮಂಡಳಿಯ ಬಾಗಿಲನ್ನು ಇಂಥವಳಿಗೆ ಮುಚ್ಚಿದರೆ, ಆ ವರ್ಷ ಅವಳಿಗೆ ಅತ್ಯಂತ ಅವಶ್ಯವಾದುದನ್ನೇ ಮುಚ್ಚಿದಂತಾಯಿತು.

ಇಲ್ಲಿ ಮಹಾಭಾರತದ ಒಂದು ಪ್ರಸಂಗವನ್ನು ವಿಶೇಷವಾಗಿ ನೆನೆಯಬೇಕು. ಗಂಡನು ಶಸ್ತ್ರವಿದ್ಯೆಯ ಶಿಕ್ಷಣಕ್ಕೆ ಹೋದಾಗ ಕಾದಿದ್ದ ಪತ್ನಿಯ ಕಥೆ ನಮ್ಮಲ್ಲಿ ಇದ್ದೇ ಇದೆ. ವನಪರ್ವದಲ್ಲಿ ಅರ್ಜುನನು ದಿವ್ಯಾಸ್ತ್ರಗಳಿಗಾಗಿ ತೆರಳಿ, ಇಂದ್ರಲೋಕದಲ್ಲಿ ಐದು ವರ್ಷವಿದ್ದು ಅಸ್ತ್ರವಿದ್ಯೆಯನ್ನು ಕಲಿಯುತ್ತಾನೆ. ಹೊರಡುವಾಗ ದ್ರೌಪದಿ ಅವನನ್ನು ತಡೆಯುವುದಿಲ್ಲ. ನಮ್ಮೆಲ್ಲರ ಸುಖದುಃಖಗಳು ನಿನ್ನನ್ನೇ ಅವಲಂಬಿಸಿವೆ ಎಂದು ಹೇಳಿ, ಮಂಗಳವನ್ನು ಹಾರೈಸಿ ಕಳುಹಿಸುತ್ತಾಳೆ. ಅನಂತರ, ಅವನಿಲ್ಲದ ಕಾಮ್ಯಕವನವು ತನಗೆ ಶೂನ್ಯವಾಗಿ ತೋರುತ್ತಿದೆಯೆಂದು ಎಲ್ಲರೆದುರು ಹೇಳಿಕೊಳ್ಳುತ್ತಾಳೆ. ಅದನ್ನು ಕೇಳಿದ ಭೀಮಸೇನ, ನಕುಲ, ಸಹದೇವರು ಅವಳನ್ನು ಗದರಿಸುವುದಿಲ್ಲ; ತಮಗೂ ಹಾಗೆಯೇ ಆಗಿದೆಯೆಂದು ಒಬ್ಬೊಬ್ಬರಾಗಿ ಹೇಳುತ್ತಾರೆ. ದ್ರೌಪದಿಯಲ್ಲಿ ಭಾರತೀದೇವಿಯ ಸನ್ನಿಧಾನವುಂಟು, ಶಚಿ ಮೊದಲಾದವರೂ ಅವಳಲ್ಲಿದ್ದರೆಂಬುದು ನಮ್ಮ ಸಿದ್ಧಾಂತ. ಅಂಥವಳೇ ಲೋಕದ ಮುಂದೆ ದುಃಖವನ್ನು ಮುಚ್ಚಿಡಲಿಲ್ಲ. ಎಂದ ಮೇಲೆ ನಮ್ಮ ಡೊಂಬಿವಲಿಯ ಹೆಣ್ಣುಮಗಳು ಸ್ವಲ್ಪ ಅತ್ತರೆ ಅದು ಧೈರ್ಯಹೀನತೆಯೆಂದು ಹೇಳಲು ನಮಗೇನು ಅಧಿಕಾರ?

ಮುಂದೆ ಅವರು ಮಾಡಿದ್ದೇನು? ಕುಳಿತು ದಿನವೆಣಿಸಲಿಲ್ಲ. ಇಂದ್ರಲೋಕದಲ್ಲಿ ಅರ್ಜುನನನ್ನು ಕಣ್ಣಾರೆ ಕಂಡಿದ್ದ ಲೋಮಶ ಮಹರ್ಷಿಗಳು ಬಂದು ಅವನ ಕ್ಷೇಮವಾರ್ತೆಯನ್ನು ಹೇಳಿದರು. ಅವರೊಡನೆಯೇ ಪಾಂಡವರು ದ್ರೌಪದೀಸಮೇತರಾಗಿ ತೀರ್ಥಯಾತ್ರೆ ಹೊರಟರು. ಆ ಯಾತ್ರೆಯಲ್ಲಿ, ಗಂಧಮಾದನದ ಪ್ರಾಂತದಲ್ಲಿ ಅರ್ಜುನನ ಬರವನ್ನು ನಿರೀಕ್ಷಿಸುತ್ತಿದ್ದಾಗಲೇ, ಗಾಳಿಯು ಸೌಗಂಧಿಕಪುಷ್ಪವನ್ನು ದ್ರೌಪದಿಯ ಬಳಿಗೆ ತಂದದ್ದು; ಅದಕ್ಕಾಗಿ ಹೊರಟ ಭೀಮಸೇನನಿಗೆ ಹನುಮಂತದೇವರ ದರ್ಶನವಾದದ್ದು. ಮುಖ್ಯಪ್ರಾಣನ ಎರಡು ಅವತಾರಗಳು ಒಂದೆಡೆ ಕಲೆತ ಆ ಮಹಾಪ್ರಸಂಗವು ಕಾಯುವಿಕೆಯ ಕಾಲದಲ್ಲಿ ನಡೆಯಿತೆಂಬುದನ್ನು ನಾವು ಗಮನಿಸುವುದು ಕಡಿಮೆ. ಕಾಯುವ ಕಾಲವು ಬರಿದಾದ ಕಾಲವಲ್ಲ. ಕಾಳಿದಾಸನ ಯಕ್ಷಪತ್ನಿ ಹೊಸ್ತಿಲಿನ ಹೂಗಳನ್ನು ನೆಲದಲ್ಲಿಟ್ಟು ಉಳಿದ ತಿಂಗಳುಗಳನ್ನೆಣಿಸುತ್ತಾಳೆ. ಕಾವ್ಯದಲ್ಲಿ ಅದು ರಮಣೀಯ. ಸಂಸಾರದಲ್ಲಿ ದ್ರೌಪದಿಯ ಮಾರ್ಗವೇ ಶ್ರೇಯಸ್ಕರ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದುದು. ತರಬೇತಿಯಲ್ಲಿರುವವನಿಂದ ಮನೆಯ ಅಶುಭವಾರ್ತೆಯನ್ನು ಮುಚ್ಚಿಡಬಹುದೆ?

ಮುಚ್ಚಿಡಬೇಕೆನ್ನುವವರ ಪಕ್ಷದಲ್ಲಿಯೂ ಬಲವಿದೆ. ಕರ್ಣಪರ್ವದಲ್ಲಿ ಶ್ರೀಕೃಷ್ಣನೇ ಕೌಶಿಕನೆಂಬ ತಪಸ್ವಿಯ ಕಥೆ ಹೇಳುತ್ತಾನೆ. ಸತ್ಯವ್ರತದ ಹಟದಿಂದ ಕಳ್ಳರಿಗೆ ದಾರಿ ತೋರಿಸಿ, ಅಡಗಿದ್ದ ಜನರ ಸಾವಿಗೆ ಕಾರಣನಾದ ಆತನು ನರಕಕ್ಕೆ ಹೋದನು. ಭೂತಹಿತವನ್ನು ಬಿಟ್ಟ ಸತ್ಯವು ಸತ್ಯವಲ್ಲ. ಮತ್ತು ರಾಮಾಯಣದಲ್ಲಿ ದಶರಥನು ತೀರಿಕೊಂಡಾಗ, ವಸಿಷ್ಠರು ಕೇಕಯಕ್ಕೆ ದೂತರನ್ನು ಕಳುಹಿಸುತ್ತ, ಭರತನಿಗೆ ಅಲ್ಲಿ ಮರಣವಾರ್ತೆಯನ್ನು ಹೇಳಬಾರದೆಂದು ಆಜ್ಞಾಪಿಸುತ್ತಾರೆ. ಹಿರಿಯರು ಇದನ್ನೇ ಉದಾಹರಿಸಿದರು.

ಆದರೆ ಈ ಎರಡು ಕಥೆಗಳನ್ನೂ ಇನ್ನಷ್ಟು ಹತ್ತಿರದಿಂದ ನೋಡೋಣ. ಕೌಶಿಕನ ಸತ್ಯವನ್ನು ಕೇಳಿದವರು ಕಳ್ಳರು. ಅವರಿಗೆ ಆ ವಾರ್ತೆಯಲ್ಲಿ ಅಧಿಕಾರವಿರಲಿಲ್ಲ. ತಂದೆಯ ಎದೆನೋವಿನ ವಾರ್ತೆಯಲ್ಲಿ ಮಗನಿಗೆ ಅಧಿಕಾರವಿಲ್ಲವೆಂದು ಹೇಳಬಹುದೆ? ಇನ್ನು ವಸಿಷ್ಠರು ಮುಂದೂಡಿದ್ದು ಕಾಲವನ್ನು, ವಿಷಯವನ್ನಲ್ಲ. ಎಲ್ಲರೂ ಆರಾಮವಾಗಿದ್ದಾರೆ, ನೀನು ಅಲ್ಲಿಯೇ ಇರು ಎಂದು ಹೇಳಿಕಳುಹಿಸಲಿಲ್ಲ. ಕೂಡಲೇ ಬಾ ಎಂದು ಕರೆಸಿಕೊಂಡರು. ಕೇಳಿ ಸಹಿಸಬಲ್ಲ ಸ್ಥಳಕ್ಕೆ, ತನ್ನವರ ನಡುವಿಗೆ ಅವನು ಬರುವ ತನಕ ಮಾತ್ರ ತಡೆದರು. ಆದ್ದರಿಂದ ಹೇಳುವ ಹೊತ್ತನ್ನು ಆರಿಸುವುದು ವಿವೇಕ. ಹೇಳದೆಯೇ ಇರುವುದು ವಂಚನೆ.

ನನ್ನ ವೃತ್ತಿಯಿಂದ ಒಂದು ದೃಷ್ಟಾಂತ. ರೈಲ್ವೆಯಲ್ಲಿ ಸಿಗ್ನಲ್ ಕೆಟ್ಟರೆ ಅದು ತಾನಾಗಿ ಕೆಂಪಿಗೆ ಬರುವಂತೆ ವ್ಯವಸ್ಥೆ ಮಾಡಿರುತ್ತಾರೆ. ಕೆಂಪು ಕಂಡರೆ ಗಾಡಿ ನಿಲ್ಲುತ್ತದೆ, ತಡವಾಗುತ್ತದೆ, ಪ್ರಯಾಣಿಕರು ಬಯ್ಯುತ್ತಾರೆ, ಅಷ್ಟೇ. ಆದರೆ ಕೆಟ್ಟ ಸಿಗ್ನಲ್ ಹಸಿರನ್ನು ತೋರಿಸಿದರೆ ಅದಕ್ಕಿಂತ ಘೋರವಾದ ದೋಷ ಬೇರೊಂದಿಲ್ಲ. ಏಕೆಂದರೆ ಅನಂತರ ಚಾಲಕನು ನಿಜವಾದ ಹಸಿರನ್ನೂ ನಂಬಲಾರ. ಎದೆನೋವಿನ ಮನೆಯಿಂದ ಬಂದ "ಎಲ್ಲಾರೂ ಆರಾಮ" ಎಂಬ ಮಾತು ಅಂಥ ಹಸಿರು.

1980ರ ದಶಕದಲ್ಲಿ ನನ್ನ ಸಹೋದ್ಯೋಗಿಯೊಬ್ಬರು ರೈಲ್ವೆಯ ಟೆರಿಟೋರಿಯಲ್ ಆರ್ಮಿ ಘಟಕಕ್ಕೆ ಸೇರಿ ಸುಮಾರು ಒಂದು ತಿಂಗಳ ತರಬೇತಿಗೆ ಹೋಗಿದ್ದರು. ಆಗ ತುರ್ತುವಾರ್ತೆಗೆ ಸಾಮಾನ್ಯವಾಗಿ ತಂತಿಯೇ ಸಾಧನ. 2013ರಲ್ಲಿ ಅದೂ ನಿಂತುಹೋಯಿತು. ಅವರು ಅಲ್ಲಿದ್ದಾಗ ಮಗಳಿಗೆ ವಿಷಮಜ್ವರ ಬಂದು ಹದಿನೈದು ದಿನ ಮಲಗಿದಳು. ಅವರಿಗೆ ತಿಳಿಸಬೇಡಿರೆಂದು ಆಕೆಯ ತಾಯಿಗೆ ಹೇಳಿದವರಲ್ಲಿ ನಾನೂ ಒಬ್ಬ. ಹುಡುಗಿ ಗುಣವಾದಳು. ಮನೆಗೆ ಮರಳಿದವರು ಕೃಶಳಾದ ಮಗಳನ್ನು ನೋಡಿ, ಸಿಟ್ಟು ಮಾಡಲಿಲ್ಲ, "ನಾನು ಈ ಮನೆಗೆ ಅತಿಥಿಯಾದೆನೇ?" ಎಂದು ಮಾತ್ರ ಕೇಳಿದರು. ಆ ಮಾತು ಆ ದಂಪತಿಗಳ ನಡುವೆ ಬಹುಕಾಲ ಉಳಿಯಿತು. ಒಳ್ಳೆಯದನ್ನೇ ಮಾಡಿದೆವೆಂದು ಭಾವಿಸಿದ್ದ ನನಗೆ, ನಾವು ಅವರಿಂದ ಕಸಿದುಕೊಂಡದ್ದು ಏನೆಂಬುದು ಆಗ ತಿಳಿಯಿತು. ಚಿಂತೆಯನ್ನು ಕಳೆಯುವ ಹೆಸರಿನಲ್ಲಿ ತಂದೆಯ ಪಾಲನ್ನೇ ಕಳೆದಿದ್ದೆವು.

ಈ ಕಾರಣಗಳಿಂದ, ವೈದ್ಯರ ಅಭಿಪ್ರಾಯ ಪಡೆದು, ಮಾವನವರು ಮನೆಗೆ ಬಂದು ಓಡಾಡತೊಡಗಿದ ಮೇಲೆ, ನಡೆದದ್ದನ್ನು ಕ್ರಮವಾಗಿ ಪತಿಗೆ ತಿಳಿಸು ಎಂದು ನಾನು ಆಕೆಗೆ ಹೇಳಿದೆ. ಆಗಿಹೋದದ್ದೇನು, ಈಗಿನ ಸ್ಥಿತಿಯೇನು, ಅವನು ಮಾಡಬೇಕಾದದ್ದು ಏನಾದರೂ ಇದೆಯೇ, ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು; ಅರ್ಧ ಹೇಳಿ ನಿಲ್ಲಿಸಿದರೆ ಉಳಿದರ್ಧವನ್ನು ಭಯವು ತುಂಬುತ್ತದೆ. ಮುಂದಿನ ಭಾನುವಾರ ಅವಳು ಹಾಗೆಯೇ ಮಾಡಿದಳು. ಅವನು ಸ್ವಲ್ಪ ಹೊತ್ತು ಮೌನವಾಗಿದ್ದು, ಎರಡು ಪ್ರಶ್ನೆ ಕೇಳಿ, "ಇನ್ನ ಮುಂದ ನೀ ಆರಾಮ ಅಂದರ ನಾ ನಂಬತೀನಿ" ಎಂದನಂತೆ. ಇದಕ್ಕೆ ಬೆಲೆ ತೆರಬೇಕಾಗಲಿಲ್ಲವೆಂದು ಹೇಳಲಾರೆ. ಆ ವಾರದ ಓಟದ ಪರೀಕ್ಷೆಯಲ್ಲಿ ಅವನು ಹಿಂದೆ ಬಿದ್ದು, ಎರಡನೆಯ ಸಲ ತೇರ್ಗಡೆಯಾದ. ಅಪ್ಪಣೆ ಮೀರಿದಳೆಂದು ಹಿರಿಯರೊಬ್ಬರು ಇನ್ನೂ ಮಾತು ಬಿಟ್ಟಿದ್ದಾರೆ. ಆ ಅಪರಾಧದಲ್ಲಿ ನನ್ನ ಪಾಲೂ ಇದೆ. ಅವರ ಮನೆಗೆ ಹೋಗಿ ಹೇಳಿ ಬಂದಿದ್ದೇನೆ.

ಕೊನೆಯದಾಗಿ ತತ್ತ್ವದ ಮಾತು. ತರಬೇತಿಯಲ್ಲಿ ಅಪಾಯವೇ ಇಲ್ಲವೆಂದು ಅವಳಿಗೆ ಸುಳ್ಳು ಸಮಾಧಾನ ಹೇಳುವಂತಿಲ್ಲ. ತರಬೇತಿಯಲ್ಲಿ ಗಾಯಗೊಂಡು ಸೇನೆಯಿಂದ ಹೊರಬಿದ್ದ ಕೆಡೆಟ್‌ಗಳ ದುಃಸ್ಥಿತಿಯನ್ನು 2025ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೇ ತಾನಾಗಿ ವಿಚಾರಣೆಗೆ ಎತ್ತಿಕೊಂಡಿತು. ಹಾಗಾದರೆ ಉಳಿದವಳಿಗೆ ಆಧಾರವೇನು? ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದ ಆರಂಭದಲ್ಲಿಯೇ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರವೆಂದು ಎರಡಾಗಿ ವಿಂಗಡಿಸಿದ್ದಾರೆ. ಭಗವಾನ್ ವಿಷ್ಣುವೊಬ್ಬನೇ ಸ್ವತಂತ್ರ. ದುಂಡಿಗಲ್ಲಿನ ಕವಾಯತಿನ ಮೈದಾನದಲ್ಲಿ ಓಡುತ್ತಿರುವವನ ಅಂತರ್ಯಾಮಿಯೂ, ಡೊಂಬಿವಲಿಯ ಅಡುಗೆಮನೆಯಲ್ಲಿ ನಿಂತವಳ ಅಂತರ್ಯಾಮಿಯೂ ಅವನೇ. ಆ ದೃಷ್ಟಿಯಿಂದ ಅವರಿಬ್ಬರ ನಡುವೆ ದೂರವಿಲ್ಲ. ಹಾಗೆಂದು ಜೀವನಿಗೆ ಕರ್ತೃತ್ವವೇ ಇಲ್ಲವೆಂದಲ್ಲ. ಭಗವದಧೀನವಾದ ಕರ್ತೃತ್ವವು ಜೀವನಿಗೆ ಸತ್ಯವಾಗಿಯೇ ಉಂಟು. ಆದ್ದರಿಂದ ಮಾವನವರ ಔಷಧದ ಹೊತ್ತು ತಪ್ಪಿಸಿ ಹರಿಚಿತ್ತವೆಂದು ಕುಳಿತರೆ ಅದು ಭಕ್ತಿಯಲ್ಲ, ಆಲಸ್ಯ. ತನ್ನ ಕೈಯಲ್ಲಿರುವುದನ್ನು ಮಾಡಿ, ಕೈ ಮೀರಿದ್ದನ್ನು ಹೊರಲು ಹೋಗದಿರುವುದೇ ಸಮರ್ಪಣೆ.

ನಮ್ಮ ಕನ್ನಡದಲ್ಲಿ ಕಾಯುವುದು ಎಂಬ ಒಂದೇ ಕ್ರಿಯಾಪದಕ್ಕೆ ನಿರೀಕ್ಷಿಸುವುದು, ರಕ್ಷಿಸುವುದು ಎಂಬ ಎರಡು ಅರ್ಥಗಳಿವೆ. ಗಡಿಯನ್ನು ಕಾಯಲು ಅವನು ಕಲಿಯುತ್ತಿದ್ದಾನೆ. ಅವನಿಗಾಗಿ ಕಾಯುತ್ತ ಅವಳು ಮನೆಯನ್ನು ಕಾಯುತ್ತಿದ್ದಾಳೆ. ಇಬ್ಬರನ್ನೂ ಕಾಯುವವನು ಶ್ರೀಹರಿ.

ವಾಚಕರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಕಟ್ಟಡದಲ್ಲಿ ಇಂಥ ಕುಟುಂಬವಿದ್ದರೆ, "ಒಬ್ಬಳೇ ಹೇಗಿರುತ್ತೀ?" ಎಂದು ಕೇಳಿ ಮರಳಬೇಡಿ. ಏಕಾದಶಿಯ ಮರುದಿನ ಪಾರಣೆಗೆ ಕರೆಯಿರಿ. ಮಳೆಗಾಲದಲ್ಲಿ ಲೋಕಲ್ ನಿಂತ ರಾತ್ರಿ ವಯೋವೃದ್ಧರ ಬಾಗಿಲನ್ನೊಮ್ಮೆ ತಟ್ಟಿರಿ. ಆ ಹುಡುಗನ ತರಬೇತಿ ಇನ್ನೂ ಮುಗಿದಿಲ್ಲ. ಅಕಾಡೆಮಿಯ ಪದವೀಪ್ರದಾನದ ಕವಾಯತಿಗೆ ಮಾವನವರನ್ನೂ ಕರೆದುಕೊಂಡು ಹೋಗಬೇಕೆಂದು ಅವಳು ಈಗಲೇ ರಾತ್ರಿಯ ಗಾಡಿಯ ಕೆಳಬರ್ತಿನ ವಿಚಾರವನ್ನು ನನ್ನಲ್ಲಿ ಕೇಳಿದ್ದಾಳೆ. ಈಗ ಅವಳು ಪ್ರತಿ ಶನಿವಾರವೂ ಭಜನೆಗೆ ಬರುತ್ತಾಳೆ, ಹೂ ಮುಡಿದೇ ಬರುತ್ತಾಳೆ.

ಶ್ರೀಕೃಷ್ಣಾರ್ಪಣಮಸ್ತು.